ಬಟ್ಟೆ ಒಗೆಯೋ ಮಿಷೀನಿನ ಮುಯ್ಯಿ

ನನಗೊಂದು ಸಣ್ಣ ಚಿಂತೆ ಇತ್ತು. ಯಾರಿಗೂ ಹೇಳುವಂಥದ್ದಲ್ಲ. ದಿನಚರಿಯಲ್ಲಿ ಬರೆಯುವಾಗಲೂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಬರೆದದ್ದು: ನಮ್ಮ ಮನೆಯ ಬಟ್ಟೆ ಒಗೆಯೋ ಮಿಷೀನಿನ ಎದುರಿಗೆ ಬಟ್ಟೆ ಬದಲಾಯಿಸಲು ನನಗೆ ನಾಚಿಕೆ.

ಅದರ ಹೊಟ್ಟೆಯ ಮೇಲೆ ದುಂಡಗಿನ ಗಾಜಿನ ಬಾಗಿಲಿದೆ. ಕಿಟಕಿಯಿಂದ ಬಿಸಿಲು ಬಿದ್ದರೆ ಒಂಟಿ ಕಣ್ಣಿನವನು ರೆಪ್ಪೆ ಮಿಟುಕಿಸದೆ ನೋಡುತ್ತಿರುವ ಹಾಗಿರುತ್ತದೆ. ನಮಗಿರುವುದು ಎರಡು ಕೋಣೆ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಅಪ್ಪ, ಅವ್ವ, ನಾನು ಮತ್ತು ಅದು. ನಾನು ಅದರ ಮೇಲೆ ಟವೆಲು ಇಳಿಬಿಡುವುದು, ಅವ್ವ ಬಂದು ಎಳೆದುಹಾಕುವುದು.

"ಅದ್ಕ್ಯಾಕೆ ಮುಸುಕು? ಅದೇನು ಮದುವಣಗಿತ್ತಿನಾ?"

ಅವ್ವನಿಗೆ ಟವೆಲು ಅಡ್ಡ. ಬೆಲ್ಲದ ಡಬ್ಬ, ಹುಣಸೆಹಣ್ಣಿನ ಮಡಕೆ, ರಾಗಿಹಿಟ್ಟಿನ ಚೀಲ ಎಲ್ಲವನ್ನೂ ಅವಳು ಇಟ್ಟಿದ್ದು ಅದರ ಹೊಟ್ಟೆಯಲ್ಲೇ. ಇಲಿ ಹೋಗಲಾರದ ಜಾಗ ನಮ್ಮ ಮನೆಯಲ್ಲಿ ಅದೊಂದೇ.

ನಾನು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳು. ಬೇಡಿಕೆ ಇದ್ದಲ್ಲಿ ಪೂರೈಕೆ ಎಂದು ಮೇಷ್ಟ್ರು ಬರೆಸಿದ್ದರು. ಬೇಡಿಕೆಯೇ ಇಲ್ಲದೆ ಪೂರೈಕೆ ಟೆಂಪೋದಲ್ಲಿ ಬಂದು ಇಳಿದರೆ ಏನು ಮಾಡಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲ.

ಅದು ಬಂದದ್ದು ತೊಂಬತ್ನಾಲ್ಕನೇ ಇಸವಿಯಲ್ಲಿ, ನಮ್ಮ ಗೃಹಪ್ರವೇಶದ ದಿನ. ನನ್ನಪ್ಪ ಮುನಿರಾಮಯ್ಯ ಪಿಲ್ಲಗುಂಪೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಯ ಗೇಟು ಕಾಯುತ್ತಾನೆ. ಹಳೇ ಹೆಂಚಿನ ಮನೆ ಕೆಡವಿ, ಅದೇ ಜಾಗದಲ್ಲಿ ತಾರಸಿಯ ಎರಡು ಕೋಣೆ ಏಳುವಷ್ಟರಲ್ಲಿ ನಾನು ಹೈಸ್ಕೂಲು ದಾಟಿ, ಹೊಸಕೋಟೆ ಕಾಲೇಜೂ ದಾಟಿದ್ದೆ. ಗೃಹಪ್ರವೇಶಕ್ಕೆ ಅಪ್ಪ ಫ್ಯಾಕ್ಟರಿ ಧಣಿ ಉಮಾಶಂಕರ್ ಅವರನ್ನೂ ಕರೆದ. ಕರೆಯುವುದು ಧರ್ಮ, ಅವರು ಬರುವುದಿಲ್ಲ ಎನ್ನುವುದು ಗ್ಯಾರಂಟಿ. ಆ ಗ್ಯಾರಂಟಿಯ ಮೇಲೇ ಧೈರ್ಯವಾಗಿ ಕರೆದದ್ದು. ಅವರು ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟರು.

ಮೇಡಂ ಒಳ್ಳೆಯವರು. ಇದನ್ನು ನಾನು ಮೊದಲೇ ಹೇಳಿಬಿಡಬೇಕು. ಕಾರಿನಿಂದ ಇಳಿದವರೇ ಚಪ್ಪಲಿ ಬಿಟ್ಟು, ಸಗಣಿ ಸಾರಿಸಿದ ಅಂಗಳದಲ್ಲಿ ಬರಿಗಾಲಲ್ಲಿ ನಡೆದು, ಎರಡೂ ಕೋಣೆಯಲ್ಲಿ ಒಂದು ಸುತ್ತು ಬಂದು, ಎರಡೂ ಕೈ ಜೋಡಿಸಿ ಸಂತೋಷದಿಂದ ಅಂದರು:

"ಔಟ್‌ಹೌಸ್ ತುಂಬಾ ಮುದ್ದಾಗಿದೆ ಮುನಿರಾಮಯ್ಯ! ಮನೆ ಯಾವಾಗ ಶುರು ಮಾಡ್ತೀರ?"

ಅಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಪ್ಪ ಟವೆಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸಿ, "ಬರೋ ವರ್ಷ ಮೇಡಂ," ಅಂದುಬಿಟ್ಟ.

ಆಮೇಲೆ ಮೇಡಂ ಅವ್ವನ ಕೈ ಹಿಡಿದುಕೊಂಡರು. ಅಂಗೈ ತುಂಬ ಬಿರುಕು.

"ಅಯ್ಯೋ ಮುನಿತಾಯಮ್ಮ, ಏನಾಗಿದೆ ಇದು?"

"ಬಟ್ಟೆ ಒಗದು ಒಗದು ಹಂಗಾಗೈತೆ ತಾಯಿ."

"ಯಾಕೆ, ಮಿಷೀನು ಕೆಟ್ಟೋಗಿದ್ಯಾ?"

ಅವ್ವ "ಹ್ಞೂ" ಅಂದುಬಿಟ್ಟಳು. ಮೇಡಂ ಗಂಡನ ಕಡೆ ತಿರುಗಿ, "ನೋಡಿ, ಪಾಪ," ಅಂದರು. ಉಮಾಶಂಕರ್ ಅವರು ಡ್ರೈವರಿಗೆ ಏನೋ ಹೇಳಿದರು. ಜನ ಊಟಕ್ಕೆ ಕೂತು, ಪಾಯಸ ಬರುವ ಹೊತ್ತಿಗೆ ಟೆಂಪೋ ಬಂತು.

ನಮ್ಮ ಕಡೆ ಮದುವೆಗೋ ಮನೆಯೊಕ್ಕಲಿಗೋ ಬಂದವರು ಮಾಡುವ ಉಡುಗೊರೆಗೆ ಮುಯ್ಯಿ ಅನ್ನುತ್ತಾರೆ. ಅದನ್ನು ಕವರಿನಲ್ಲಿಟ್ಟು ಗುಟ್ಟಾಗಿ ಕೊಡುವಂತಿಲ್ಲ. ಒಬ್ಬ ಎದ್ದು ನಿಂತು ಇಂಥವರು ಇಂಥದ್ದು ಮಾಡಿದರು ಎಂದು ಕೂಗಿ ಹೇಳಬೇಕು, ಊರು ಕೇಳಿಸಿಕೊಳ್ಳಬೇಕು. ನಮ್ಮೂರಲ್ಲಿ ಕೂಗುವವನು ಪಿಳ್ಳಪ್ಪ. ಅವನ ಗಂಟಲಿಗೆ ಮೈಕು ಸಾಲದು. ಹೀಗೆ ಕೇಳಿಸಿಕೊಂಡ ಮುಯ್ಯಿಯನ್ನು, ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ತಿರುಗಿಸಬೇಕು. ಅಷ್ಟೇ ಆದರೂ ಸರಿ, ಒಂದು ಕೈ ಮೇಲಾದರೆ ಇನ್ನೂ ಸರಿ, ಕಡಿಮೆಯಾದರೆ ಮಾನ ಹೋಯಿತು. ಸೇರಕ್ಕಿ, ಒಂದು ಕುಪ್ಪಸದ ಕಣ, ಹಿತ್ತಾಳೆ ಚೊಂಬು, ಹೀಗೆ ನಾವೆಲ್ಲ ಒಬ್ಬರಿಗೊಬ್ಬರು ತಿರುಗಿಸುತ್ತ ಬಂದವರು. ಕೆಲವು ಚೊಂಬುಗಳಂತೂ ನಾನು ಹುಟ್ಟುವ ಮೊದಲಿಂದ ಊರು ಸುತ್ತುತ್ತಿವೆ.

ಪಿಳ್ಳಪ್ಪ ಆ ಬಿಳೀ ಪೆಟ್ಟಿಗೆಯ ಸುತ್ತ ಒಂದು ಸಲ ಸುತ್ತಿದ. ಡ್ರೈವರನ್ನು ಏನಿದು ಎಂದು ಕೇಳಿ ತಿಳಿದುಕೊಂಡ. ಎದೆ ತುಂಬ ಉಸಿರೆಳೆದ.

"ಪಿಲ್ಲಗುಂಪೆ ಫ್ಯಾಕ್ಟರಿ ಧಣಿಗಳು, ಬೆಂಗಳೂರು ವಾಸ, ಉಮಾಶಂಕರಪ್ಪನೋರು, ಒಂದು, ಬಟ್ಟೆ ಒಗಿಯೋ, ಮಿಷೀನೂ!"

ಎಲೆಯ ಮುಂದೆ ಕೂತವರ ಕೈಯಲ್ಲಿ ತುತ್ತು ಹಾಗೇ ನಿಂತಿತು. ಅಪ್ಪನ ಅಕ್ಕ ಪಾಪಕ್ಕತ್ತೆ ನನ್ನ ಪಕ್ಕದಲ್ಲಿ ಕೂತಿದ್ದವಳು ಪಾಯಸ ಸುರಿದು ಕುಡಿದು, "ಸಂಗೀ, ನಿಮ್ಮಪ್ಪನ ಕತೆ ಮುಗೀತು ಕಣೇ," ಅಂದಳು.

ಮಿಷೀನು ಒಂದೇ ಒಂದು ಸಲ ಬಟ್ಟೆ ಒಗೆದಿದೆ. ಅದನ್ನು ನಲ್ಲಿಗೆ ಸಿಕ್ಕಿಸಬೇಕು ಎಂದು ಡ್ರೈವರು ಹೇಳಿಹೋಗಿದ್ದ. ನಲ್ಲಿ ಇರುವುದು ಬೀದಿ ಕೊನೆಯಲ್ಲಿ, ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಅವ್ವ ಬೀದಿಯ ಹೆಂಗಸರನ್ನೆಲ್ಲ ಕರೆದಳು. ಸೋಪಿನ ಪುಡಿ ಹಾಕುವ ಕಂಡಿಯಲ್ಲಿ ಆಲಿಕೆ ಇಟ್ಟು ಬಿಂದಿಗೆ ಬಿಂದಿಗೆ ನೀರು ಹೊಯ್ದರು. "ಇದೇನೇ, ಎಮ್ಮೆಗಿಂತ ಜಾಸ್ತಿ ಕುಡೀತದೆ!" ಎಂದು ಯಾರೋ ಕೂಗಿದರು. ನಮ್ಮ ಬೋರ್ಡಿನ ಪ್ಲಗ್ಗಿಗೆ ವೈರು ತುರುಕಿ ನಾನು ಗುಂಡಿ ಒತ್ತಿದೆ. ಒಂದು ಸಲ ಗುರ್ರ್ ಎಂದು ತಿರುಗಿತು, ಅಪ್ಪನ ಪಂಚೆ ಗಾಜಿನ ಹಿಂದೆ ಎದ್ದು ಬಿತ್ತು, ಎಲ್ಲರೂ ಚಪ್ಪಾಳೆ ಹೊಡೆದರು, ಬೀದಿಯ ದೀಪವೆಲ್ಲ ಒಟ್ಟಿಗೆ ಹೋಯಿತು.

ಕಂಬದ ಫ್ಯೂಸು ಹಾಕಲು ಲೈನ್‌ಮನ್ನು ಬರುವವರೆಗೆ ಬಾಗಿಲು ಕಚ್ಚಿಕೊಂಡೇ ಇತ್ತು. ಒಳಗೆ ಕಂಠಮಟ್ಟ ನೀರು, ನೀರಿನಲ್ಲಿ ಅಪ್ಪನ ಒಂದೇ ಒಂದು ಒಳ್ಳೆ ಪಂಚೆ. ಊರಿನವರು ಸಂಜೆ ಬಂದು ಗಾಜಿಗೆ ಹಣೆ ಒತ್ತಿ ನೋಡಿ ಹೋಗುತ್ತಿದ್ದರು. "ಪಂಚೆ ಹೆಂಗೈತೆ ಮುನಿರಾಮಣ್ಣ? ಏನಾರ ತಿಂತಾ?" ಎಂದು ಕೇಳುವರು, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ಹಾಗೆ. ಕೊನೆಗೆ ಬಾಗಿಲು ಬಿಟ್ಟಿತು. ಮನೆ ತುಂಬ ನೀರಾಗಿ ಒಲೆ ಕೆಟ್ಟಿತು. ಅಷ್ಟೂ ಬಟ್ಟೆಯನ್ನು ಅವ್ವ ಮತ್ತೆ ಕಲ್ಲಿನ ಮೇಲೆ ಒಗೆದಳು, ವಾಸನೆ ಹೋಗಲಿ ಅಂತ.

ಮೇಡಂ ಫ್ಯಾಕ್ಟರಿಗೆ ಬಂದಾಗಲೆಲ್ಲ ಗೇಟಿನಲ್ಲಿ ಕಾರಿನ ಗಾಜು ಇಳಿಸಿ ಕೇಳುವರು.

"ಮಿಷೀನು ಹೇಗಿದೆ ಮುನಿರಾಮಯ್ಯ?"

"ಆರೋಗ್ಯವಾಗೈತೆ ಮೇಡಂ."

"ಮನೆ ಎಲ್ಲಿಗೆ ಬಂತು?"

"ಪಾಯ ತೆಗೀತಾ ಇದೀವಿ ಮೇಡಂ."

ಮರುವರ್ಷ ಉಮಾಶಂಕರ್ ಅವರ ಮಗಳು ಕೀರ್ತನಳ ಮದುವೆ ಬಂತು. ಆಹ್ವಾನ ಪತ್ರಿಕೆ ಕಾಗದವಲ್ಲ, ಒಂದು ಪೆಟ್ಟಿಗೆ. ಮುಚ್ಚಳ ತೆಗೆದರೆ ಗೋಡಂಬಿ, ದ್ರಾಕ್ಷಿ, ರೇಷ್ಮೆ ಬಟ್ಟೆ, ತಳದಲ್ಲಿ ಪತ್ರಿಕೆ. ನಾನು ಓದಿ ಹೇಳಿದೆ. ಕೊನೆಯ ಸಾಲಿನಲ್ಲಿ "ಉಡುಗೊರೆಗಳು ಬೇಡ, ನಿಮ್ಮ ಆಶೀರ್ವಾದವೇ ಸಾಕು" ಎಂದಿತ್ತು.

ಆ ಸಾಲನ್ನು ನಾನು ಓದಬಾರದಿತ್ತು.

"ಇನ್ನೊಂದ್ಸಲ ಓದು," ಅಂದ ಅಪ್ಪ. ಓದಿದೆ. ಅವನ ಮುಖ ಕೆಂಪಗಾಯಿತು. "ಅಂದ್ರೆ? ನನ್ ಕೈಲಿ ಆಗಲ್ಲ ಅಂತ ಅಚ್ಚಾಕ್ಸವ್ರೆ."

"ಎಲ್ರಿಗೂ ಹಂಗೇ ಹಾಕ್ಸಿರ್ತಾರೆ ಅಪ್ಪ," ಎಂದೆ. ಎಂದೆನೋ, ಅಂದುಕೊಂಡೆನೋ. ನನ್ನ ಮಾತು ಗಂಟಲವರೆಗೆ ನಡೆದುಬಂದು, ಬಾಗಿಲಲ್ಲಿ ಚಪ್ಪಲಿ ನೋಡಿ ಯಾರೋ ನೆಂಟರು ಬಂದಿದ್ದಾರೆ ಎಂದು ಹಿಂದಕ್ಕೆ ಹೋಗುವ ಹುಡುಗಿಯಂಥದ್ದು. ಅಪ್ಪನಿಗಂತೂ ಕೇಳಿಸಲಿಲ್ಲ.

ಸಂಜೆ ಪಾಪಕ್ಕತ್ತೆಯೂ ಪಿಳ್ಳಪ್ಪನೂ ಬಂದು ಜಗುಲಿಯಲ್ಲಿ ಕೂತರು. ಮಿಷೀನಿಗೆ ಸಮನಾದದ್ದು ಏನು ಎಂಬುದೇ ಮಾತು.

"ಆ ಮಿಷೀನ್ನೇ ಒಂದು ಹೊಸಾ ಬಟ್ಟೆ ಸುತ್ತಿ ಕೊಟ್ಬಿಡಾನ," ಅಂದಳು ಅವ್ವ. "ಪೀಡೆ ಕಳೀತದೆ."

"ಥೂ, ಬುದ್ಧಿ ಐತಾ ನಿಂಗೆ?" ಪಾಪಕ್ಕತ್ತೆ ಎಲೆಯಡಿಕೆ ಉಗಿದು ಬಂದಳು. "ಅವ್ರು ಮಾಡಿದ್ನೇ ಅವ್ರಿಗೆ ತಿರುಗಿಸಿದ್ರೆ ಸಂಬಂಧ ಹರ್ಕೊಂಡಂಗೆ. ನಾಳೆ ಗೇಟಲ್ಲಿ ಯಾವ ಮಖ ಇಟ್ಕೊಂಡು ಸಲಾಮ್ ಹೊಡೀತಾನೆ ಇವ್ನು?"

"ಅಂಗ್ಡೀಲಿ ಸಿಗೋದೆಲ್ಲ ಅವ್ರ ಮನೇಲಿ ಆಗ್ಲೇ ಎರಡೆರಡು ಇರ್ತದೆ," ಅಂದ ಪಿಳ್ಳಪ್ಪ. "ನಾನು ಅಷ್ಟ್ ದೂರ ಬಂದು ಕೂಗ್ಬೇಕು ಅಂದ್ರೆ ಕೂಗೋ ಅಂಥದ್ದು ಇರ್ಬೇಕು ಗುರು."

ಅಪ್ಪ ಅಂಗಳದ ಮೂಲೆಯಲ್ಲಿ ಗೊಂತಿಗೆ ಕಟ್ಟಿದ್ದ ಗೌರಿಯ ಕಡೆ ನೋಡಿದ. ಗೌರಿ ನಮ್ಮ ಸೀಮೆ ಹಸು. ಅವಳು ರಾಗಿ ಹುಲ್ಲು ಅಗಿಯುತ್ತ ನಮ್ಮನ್ನೇ ನೋಡುತ್ತಿದ್ದಳು.

"ಅವ್ರ ಮನೇಲಿ ಹಸ ಇಲ್ಲ," ಅಂದ ಅಪ್ಪ.

ಇಲ್ಲಿ ಒಂದು ವಿಷಯ ಹೇಳಬೇಕು. ಗೌರಿಯ ಹಾಲು ಊರ ಡೈರಿಗೆ ಹೋಗುತ್ತಿತ್ತು. ಮನೆ ಮುಗಿದ ಮೇಲೆ ಆ ಹಾಲಿನ ಬಟವಾಡೆ ನನ್ನ ಬಿ.ಎಡ್.ಗೆ ಎಂದು ಅವ್ವ ಮಾತು ಕೊಟ್ಟಿದ್ದಳು. ಬಿ.ಎಡ್. ಆದರೆ ನಾನು ಟೀಚರಾಗುತ್ತಿದ್ದೆ; ನಾಚಿಕೆಯವಳು ಟೀಚರಾಗಿ ಏನು ಮಾಡುತ್ತಾಳೆ ಎಂದು ಊರಲ್ಲಿ ನಗುವವರಿದ್ದರು, ಆದರೂ ಆಗುತ್ತಿದ್ದೆ. ಇನ್ನೊಂದು: ನಾನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಗೌರಿಯ ಹತ್ತಿರ ಮಾತ್ರ. ಕೆಚ್ಚಲಿಗೆ ಕೈ ಹಾಕುವಾಗ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ದಿನಚರಿಗೂ ಹೇಳದ್ದನ್ನು. ಅವಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ನನ್ನ ದನಿ ಕಿವಿಗೆ ಬೀಳದೆ ಹಾಲಿಳಿಸುತ್ತಿರಲಿಲ್ಲ.

ಬೇಡ ಅಪ್ಪ ಎಂದು ಆ ದಿನ ದಿನಚರಿಯಲ್ಲಿ ಪುಟದ ತುಂಬ ಬರೆದೆ. ಅಪ್ಪನಿಗೆ ಓದಲು ಬಾರದು.

ಮದುವೆಯ ದಿನ ಗೌರಿಯನ್ನು ರಟ್ಟಿನ ಪೆಟ್ಟಿಗೆ ಸಾಗಿಸುವ ಲಾರಿಯಲ್ಲಿ ಹತ್ತಿಸಿದರು. ಕೊಂಬಿಗೆ ಬಣ್ಣ, ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡು ಹೂವಿನ ಹಾರ. ಹಾರವನ್ನು ಕೆ.ಆರ್. ಪುರ ಬರುವಷ್ಟರಲ್ಲಿ ತಿಂದು ಮುಗಿಸಿದಳು. ಛತ್ರದ ಗೇಟಿನಲ್ಲಿ ಯೂನಿಫಾರಂ ಹಾಕಿದವನು ಅಪ್ಪನನ್ನು ತಡೆದು, ಹಸುವನ್ನು ನೋಡಿ, "ಓ, ಗೋಪೂಜೆದಾ? ಅದು ಬೆಳಿಗ್ಗೆನೇ ಒಂದು ಬಂದೋಯ್ತಲ್ಲ. ಇರ್ಲಿ, ಹಿಂದ್ಗಡೆಯಿಂದ ಹೋಗಿ," ಎಂದು ಬಿಟ್ಟ. ಅಪ್ಪ ಹಿಂದುಗಡೆಯಿಂದ ಹೋಗಲಿಲ್ಲ. ಮುಯ್ಯಿ ಹಿಂಬಾಗಿಲಿಂದ ಹೋಗುತ್ತದೆಯೇ? ಕೆಂಪು ಹಾಸಿನ ಮೇಲೆ ಗೌರಿ ಮುಂದೆ, ಅಪ್ಪ ಹಗ್ಗ ಹಿಡಿದು ಪಕ್ಕದಲ್ಲಿ, ಹಿಂದೆ ಪಿಳ್ಳಪ್ಪ, ಅವನ ಹಿಂದೆ ಅವ್ವನ ಸೆರಗಿನ ಮರೆಯಲ್ಲಿ ನಾನು. ವೇದಿಕೆಯ ಮುಂದೆ ಬೊಕೆ ಹಿಡಿದು ನಿಂತವರ ಸಾಲಿನಲ್ಲಿ ನಾವೂ ನಿಂತೆವು. ನಮ್ಮ ಮುಂದಿದ್ದ ಸೂಟಿನವರು ಒಮ್ಮೆ ತಿರುಗಿ ನೋಡಿದರು. ಅಷ್ಟರಲ್ಲಿ ಗೌರಿ ಅವರ ಬೊಕೆಯಿಂದ ಗುಲಾಬಿ ಕಿತ್ತಿದ್ದಳು.

ನಮ್ಮ ಸರದಿ ಬಂತು. ಪಿಳ್ಳಪ್ಪ ಗಂಟಲು ಸರಿಮಾಡಿಕೊಂಡ. ವಾದ್ಯದವರು ಬೆಚ್ಚಿ ನಿಲ್ಲಿಸಿದರು.

"ಹೊಸ್ಕೋಟೆ ತಾಲ್ಲೂಕು, ನಮ್ಮೂರ ಮುನಿರಾಮಯ್ಯನೋರು, ಒಂದು, ಕರಿಯೋ, ಹಸಾ!"

ಛತ್ರಕ್ಕೆ ಛತ್ರವೇ ಹಸುವಿನ ಕಡೆ ತಿರುಗಿತು. ಆಮೇಲೆ ಚಪ್ಪಾಳೆ ಶುರುವಾಯಿತು. ಅದು ಕಾರ್ಯಕ್ರಮದ ಒಂದು ಭಾಗ ಎಂದು ಎಲ್ಲರೂ ತಿಳಿದುಕೊಂಡರು. ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ಇಳಿದು ಬಂದು ಗೌರಿಯ ಹಣೆ ಮುಟ್ಟಿದರು. ಪಿಳ್ಳಪ್ಪನನ್ನು ಪಕ್ಕಕ್ಕೆ ಕರೆದು ಹೀಗೆ ಯಾಕೆ ಕೂಗಿದ್ದು ಎಂದು ವಿಚಾರಿಸಿದರು; ಅವನು ಮುಯ್ಯಿಯ ಕಟ್ಟುಕಟ್ಟಳೆಯನ್ನೆಲ್ಲ ಸವಿಸ್ತಾರವಾಗಿ ಹೇಳಿದ. ಉಮಾಶಂಕರ್ ಅವರು ಗೆಳೆಯರ ಕಡೆ ತಿರುಗಿ ಅಪ್ಪನ ಹೆಗಲ ಮೇಲೆ ಕೈ ಹಾಕಿದರು.

"ನೋಡ್ರಪ್ಪ, ನನ್ ಫ್ಯಾಕ್ಟರೀಲಿ ಗೇಟು ಕಾಯೋನೇ ಹಸು ಗಿಫ್ಟ್ ಕೊಡೋ ಲೆವೆಲ್ಲಿಗಿದಾನೆ. ಮೇಲೆ ಬೋನಸ್ ಸಾಲಲ್ಲ ಅಂತಾರೆ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಪ್ಪ ಅಷ್ಟು ಎತ್ತರವಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ಬರುವಾಗ ಖಾಲಿ ಲಾರಿಯಲ್ಲಿ ಕೈಯಲ್ಲಿ ಹಗ್ಗದ ತುಂಡು ಹಿಡಿದು ದಾರಿಯುದ್ದಕ್ಕೂ ಕೂತಿದ್ದ.

ಮಾರನೇ ದಿನ ಫ್ಯಾಕ್ಟರಿಗೆ ಫೋನು ಬಂತು. ಗೌರಿ ಹಾಲು ಕೊಡುತ್ತಿಲ್ಲ. ಇಂದಿರಾನಗರದ ಬಂಗಲೆಯಲ್ಲಿ ತೋಟದ ಮಾಲಿ, ಅಡುಗೆಯವನು, ಡ್ರೈವರು ಎಲ್ಲರೂ ಪ್ರಯತ್ನಪಟ್ಟು ಒದೆಸಿಕೊಂಡಿದ್ದರು. ಮೇಡಂ ಬ್ರೆಡ್ಡು ಕೊಟ್ಟರು, ಸೇಬು ಕೊಟ್ಟರು, ಟೇಪ್ ರೆಕಾರ್ಡರಿನಲ್ಲಿ ಕೊಳಲು ಹಾಕಿದರು. ಗೌರಿ ಹುಲ್ಲುಹಾಸು ಮೇದಳು, ಬಣ್ಣದೆಲೆಯ ಕುಂಡಗಳನ್ನು ಖಾಲಿ ಮಾಡಿದಳು, ಕೊಳಲಿಗಿಂತ ಜೋರಾಗಿ ಕೂಗಿದಳು.

"ಪಾಪ, ಅವಳಿಗೆ ಮನೆ ನೆನಪಾಗ್ತಿರ್ಬೇಕು. ನಿಮ್ಮ ಮಗಳನ್ನ ಕಳ್ಸಿ ಮುನಿರಾಮಯ್ಯ, ಎಷ್ಟೊತ್ತಿನ ಕೆಲ್ಸ?" ಅಂದರಂತೆ.

ಹೀಗೆ ನಾನು ದಿನಾ ಬೆಳಿಗ್ಗೆ ಹೊಸಕೋಟೆಯಿಂದ ಮೊದಲನೇ ಬಿ.ಟಿ.ಎಸ್. ಬಸ್ಸು ಹತ್ತಿ, ನಾವೇ ಕೊಟ್ಟ ಹಸುವನ್ನು ತೆಗೆದುಕೊಂಡವರ ಮನೆಯಲ್ಲಿ ಕರೆಯಲು ಹೋಗತೊಡಗಿದೆ. ಜೊತೆಗೆ ಒಂದು ಹೊರೆ ಹಸಿ ಹುಲ್ಲು. ಅಂಗಡಿಯ ಬ್ರೆಡ್ಡು ಎಷ್ಟು ದಿನ ತಿನ್ನುತ್ತಾಳೆ ಎಂದು ಅವ್ವ ಹೊರಿಸುತ್ತಿದ್ದಳು. ಕಂಡಕ್ಟರ್ ಹುಲ್ಲಿಗೂ ಟಿಕೆಟ್ ಹರಿದ.

"ಏನಮ್ಮಾ, ಬೆಂಗಳೂರಿಗೆ ಹುಲ್ಲು ತಿನ್ನೋಕೆ ಹೋಗ್ತಿದ್ಯಾ?" ಎಂದು ಹಿಂದಿನ ಸೀಟಿನವರು ರೇಗಿಸುವರು. ನಾನು ಕಿಟಕಿ ಕಡೆ ತಿರುಗಿಕೊಳ್ಳುವೆ.

ಬಂಗಲೆಯ ಹಿತ್ತಲಲ್ಲಿ ಗೌರಿಗೆ ಕಾರ್‌ಶೆಡ್ಡು ಬಿಟ್ಟುಕೊಟ್ಟಿದ್ದರು. ನಾನು ಕುಕ್ಕರುಗಾಲಲ್ಲಿ ಕೂತು, ಅವಳ ಹೊಟ್ಟೆಗೆ ತಲೆ ಆನಿಸಿ, "ನೋಡೇ, ಇವತ್ತೂ ಕಂಡಕ್ಟ್ರು ನಂಗೆ ಚಿಲ್ರೆ ಕೊಡ್ಲಿಲ್ಲ" ಎಂದೋ, "ಬಿ.ಎಡ್. ಅರ್ಜಿ ಬಿಟ್ಟವ್ರೆ ಕಣೇ" ಎಂದೋ ಹೇಳುತ್ತಿದ್ದ ಹಾಗೆ ಚೊರ್ ಚೊರ್ ಎಂದು ಹಾಲಿಳಿಸುವಳು. ಮೇಡಂ ಆ ಹಾಲಿನಲ್ಲಿ ಒಂದು ಲೋಟ ನನಗೇ ಕೊಡುವರು.

"ಕುಡಿ ಸಂಗೀತ. ಪ್ಯೂರ್ ಹಾಲು. ನಿಮ್ಮ ಕಡೆ ಇಂಥಾದ್ದು ಸಿಗುತ್ತೋ ಇಲ್ವೋ."

ನನ್ನ ಹೆಸರು ಸಂಘಮಿತ್ರ. ಒಂದು ಸಲ ತಿದ್ದಬೇಕಿತ್ತು. ತಿದ್ದದೆ ಕುಡಿದೆ.

ಮಿಕ್ಕ ಹಾಲು ಅವರ ಬಿಳೀ ನಾಯಿಗೆ. ಮನೆಯವರಿಗೆ ಹಸಿ ಹಾಲಿನ ವಾಸನೆ ಆಗದು. ಅವರು ಕುಡಿಯುವುದು ಪ್ಯಾಕೆಟ್ಟಿನದೇ. ನಮ್ಮೂರ ಡೈರಿಯಲ್ಲಿ ಸುರಿದ ಹಾಲೇ ಲಾರಿ ಹತ್ತಿ ಬೆಂಗಳೂರಿಗೆ ಬಂದು ಪ್ಯಾಕೆಟ್ಟಾಗುವುದು. ಅಂದರೆ ಗೌರಿ ನಮ್ಮ ಗೊಂತಿನಲ್ಲೇ ಇದ್ದಿದ್ದರೂ ಅವಳ ಹಾಲು ಇವರ ಕಾಫಿಗೆ ಬರುತ್ತಿತ್ತು, ನಾನು ಬಸ್ಸಿನಲ್ಲಿ ಬರುವ ಅಗತ್ಯವಿರಲಿಲ್ಲ. ಇದನ್ನು ಬರೆದು, ಬರೆದದ್ದಕ್ಕೆ ನಾನೇ ನಕ್ಕೆ.

ಒಂದು ದಿನ ಧೈರ್ಯ ಮಾಡಿ ಬಿ.ಎಡ್. ಮಾತು ತೆಗೆದೆ. ಬಂದದ್ದು ಎರಡೇ ಶಬ್ದ: "ಬಿ.ಎಡ್. ಮಾಡ್ಬೇಕಿತ್ತು." ಮೇಡಂ ಅಕ್ಕರೆಯಿಂದ ನನ್ನ ತಲೆ ನೇವರಿಸಿದರು.

"ಟೀಚರ್ ಆಗೋ ಆಸೆನಾ? ಅದಕ್ಯಾಕೆ ಸುಮ್ನೆ ಓದಿ ಟೈಮ್ ವೇಸ್ಟ್ ಮಾಡ್ತೀಯ? ಒಂದು ಸ್ಕೂಲೇ ತೆಗ್ದುಬಿಡು!"

ಅವರು ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು.

ಬಿ.ಎಡ್. ಅರ್ಜಿ ಹಾಕಲು ಆ ವಾರವೇ ಕೊನೆ ಎನ್ನುವಾಗ ಒಂದು ಭಾನುವಾರ ಅಪ್ಪನೂ ನನ್ನ ಜೊತೆ ಬಂದ. ಗೌರಿಯನ್ನು ಕೊಟ್ಟ ಮೇಲೆ ಅವನು ಅವಳನ್ನು ನೋಡಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಕೆಮ್ಮಿದ. ಗೌರಿ ತಿರುಗಿ ನೋಡಿ ಅವನ ಅಂಗಿಯ ಚುಂಗು ಹಿಡಿದು ಎಳೆದಳು. ಅಪ್ಪ ಅಂಗಿ ಬಿಡಿಸಿಕೊಳ್ಳಲಿಲ್ಲ, ಹಾಗೇ ಅಗಿಯಲು ಬಿಟ್ಟ. ನಾನು ಕೂತು ಕರೆಯಲು ಶುರು ಮಾಡಿದೆ.

ಅಷ್ಟರಲ್ಲಿ ಮೇಡಂ ಬಂದರು, ಹಿಂದೆಯೇ ಉಮಾಶಂಕರ್ ಅವರೂ ಪೇಪರು ಹಿಡಿದು ಬಂದರು. ಅಪ್ಪ ಅಂಗಿ ಕಿತ್ತುಕೊಂಡು ಕೈ ಕಟ್ಟಿ ನಿಂತ.

"ಒಳ್ಳೇದಾಯ್ತು ನೀವೇ ಬಂದ್ರಿ ಮುನಿರಾಮಯ್ಯ. ಆ ಪಿಳ್ಳಪ್ಪ ಅವತ್ತು ಎಲ್ಲಾ ಹೇಳಿದ್ರು. ಮುಯ್ಯಿ ಅಂದ್ರೆ ತಿರುಗಿಸ್ಬೇಕಂತೆ, ಒಂದು ಕೈ ಮೇಲೇ ಇರ್ಬೇಕಂತೆ! ಎಷ್ಟು ಚೆನ್ನಾಗಿದೆ ಅಲ್ವಾ ಈ ಪದ್ಧತಿ! ಈಗ ನಮ್ಮ ಸರದಿ. ನಿಮ್ಮ ಮನೆ ಗೃಹಪ್ರವೇಶ ಯಾವಾಗ?"

ಅಪ್ಪ ಅಂಗಿಯ ಒದ್ದೆ ಚುಂಗು ಹಿಂಡಿದ.

"ಗೋಡೆ ಏಳ್ತಾ ಐತೆ ಮೇಡಂ."

"ಮಹಡಿ ಇದ್ಯಾ?"

"ಹ್ಞೂ ಮೇಡಂ."

ನಾನು ಕರೆಯುವುದು ನಿಲ್ಲಿಸಿದೆ. ಗೋಡೆಯೂ ಇಲ್ಲ, ಜಾಗವೂ ಇಲ್ಲ. ಆ ಮನೆ, ಫ್ಯಾಕ್ಟರಿ ಗೇಟಿನಲ್ಲಿ, ಕಾರಿನ ಗಾಜು ಇಳಿದು ಏರುವಷ್ಟರಲ್ಲಿ, ಅಪ್ಪನ ಬಾಯಲ್ಲಿ ಒಂದೊಂದೇ ವರಸೆ ಏಳುತ್ತಾ ಬಂದಿತ್ತು.

"ಬೆಡ್‌ರೂಮ್ ಎಷ್ಟು? ನಾಲ್ಕಾ?"

"ನಾಲ್ಕೇ ಮೇಡಂ," ಅಂದ ಅಪ್ಪ, ಕಡಿಮೆಯಾಯಿತೇನೋ ಎಂಬ ಸಂಕೋಚದಿಂದ.

"ಹಾಗಾದ್ರೆ ನಾಲ್ಕು ಎ.ಸಿ.!" ಮೇಡಂ ಚಪ್ಪಾಳೆ ತಟ್ಟಿದರು. "ಬೇಸಗೇಲಿ ನಿಮ್ಮ ಕಡೆ ಸೆಕೆ ಜಾಸ್ತಿ. ಪಾಪ ಮುನಿತಾಯಮ್ಮ ಹೇಗೆ ಮಲಗ್ತಾ‌ರೋ. ಏನ್ರೀ?"

"ಕೊಡೋಣ, ಕೊಡೋಣ," ಅಂದರು ಉಮಾಶಂಕರ್. "ಆಮೇಲೆ ನಮ್ ಹುಡುಗನ ಮದುವೆಗೆ ಮುನಿರಾಮಯ್ಯ ಆನೆ ತರ್ತಾನೆ ನೋಡ್ತಿರು!"

ನಕ್ಕರು. ಅಪ್ಪನೂ ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ, ಲೆಕ್ಕ ಹಾಕುತ್ತಿತ್ತು. ಆನೆ ಇಲ್ಲ. ನಾಲ್ಕು ಎ.ಸಿ.ಗೆ ಒಂದು ಕೈ ಮೇಲು ಎಂದರೆ ನಮ್ಮ ಹತ್ತಿರ ಉಳಿದಿರುವುದು ಆ ಎರಡು ಕೋಣೆ. ಮುಂದಿನ ಮದುವೆಗೆ ಪಿಳ್ಳಪ್ಪ ಛತ್ರದಲ್ಲಿ ನಿಂತು "ಒಂದು, ತಾರಸಿ, ಮನೇ!" ಎಂದು ಕೂಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾರ್ಯಕ್ರಮದ ಭಾಗವೆಂದು ಜನ ಚಪ್ಪಾಳೆ ಹೊಡೆಯುವುದೂ ಕೇಳಿಸಿತು.

"ಸಂಗೀತ, ನೀನು ಹೇಳು. ಎ.ಸಿ. ಬಿಳೀದು ಬೇಕೋ, ಕಂದು ಬಣ್ಣದ್ದೋ?"

ನಾನು ಮಾತಾಡುವುದು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಗೌರಿ ಅಸಹನೆಯಿಂದ ಕಾಲು ಎತ್ತಿ ಇಟ್ಟಳು, ಬಾಲ ತಂದು ನನ್ನ ಕೆನ್ನೆಗೆ ಬೀಸಿದಳು. ಅವಳಿಗೆ ನನ್ನ ದನಿ ಬೇಕಿತ್ತು. ಅಭ್ಯಾಸಬಲದಿಂದ ನಾನು ಅವಳ ಹೊಟ್ಟೆಗೆ ಹಣೆ ಒತ್ತಿ, ದಿನಾ ಅವಳಿಗೆ ಹೇಳುವ ಹಾಗೇ ಹೇಳಲು ಬಾಯಿ ತೆರೆದೆ. ಆಮೇಲೆ ಹಣೆ ತೆಗೆದೆ. ಚೊಂಬು ಕೆಳಗಿಟ್ಟು ಎದ್ದು ನಿಂತೆ. ಬೇಡ ಎಂದು ಅಪ್ಪ ಕಣ್ಣಲ್ಲೇ ಅಂದ. ನನ್ನ ಗಂಟಲಿನಿಂದ ಬಂದ ದನಿ ಪಿಳ್ಳಪ್ಪನದಿರಬಹುದೇ ಎಂದು ನಾನೇ ಒಮ್ಮೆ ಬೆಚ್ಚಿದೆ. ಒಳಗೆ ಬಿಳೀ ನಾಯಿ ಬೊಗಳಿತು.

"ಮೇಡಂ, ಅವತ್ತು ನೀವು ನೋಡಿದ್ದೇ ನಮ್ಮನೆ, ಬೇರೆ ಇಲ್ಲ, ನಮಗಿದ್ದಿದ್ದು ಇದೊಂದೇ ಹಸ, ಇದು ನಮಗೆ ಬೇಕು."